ಸದಸ್ಯರಿಲ್ಲದ ಪಾಲಿಕೆಯಲ್ಲಿ ಮನವಿ ಯಾರಿಗೆ, ಉತ್ತರ ಯಾರಿಂದ?

ತುಮಕೂರಿನಲ್ಲಿ ಒಳಚರಂಡಿ ಉಕ್ಕಿ ಹರಿದಾಗ, ಬೀದಿದೀಪ ಕೆಟ್ಟಾಗ, ಬುಗುಡನಹಳ್ಳಿ ಕೆರೆಯ ನೀರು ಸರದಿಯ ದಿನವೂ ನಲ್ಲಿಗೆ ಬಾರದಿದ್ದಾಗ ಜನರು ಮೊದಲು ಹುಡುಕುತ್ತಿದ್ದುದು ತಮ್ಮ ವಾರ್ಡಿನ ಕಾರ್ಪೊರೇಟರನ್ನು. ಮಹಾನಗರ ಪಾಲಿಕೆಯ 35 ವಾರ್ಡ್‌ಗಳ ಚುನಾಯಿತ ಸದಸ್ಯರ ಅವಧಿ 2024ರ ಆರಂಭದಲ್ಲಿ ಮುಗಿದು ಆಡಳಿತವು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅಂದಿನಿಂದ ಚುನಾವಣೆ, ವಾರ್ಡ್ ಮೀಸಲಾತಿ, ನ್ಯಾಯಾಲಯದ ವಿಚಾರಣೆ ಎಂಬ ಸುದ್ದಿಗಳು ಬಿಡಿಬಿಡಿಯಾಗಿ ಬರುತ್ತಲೇ ಇವೆ. ಇನ್ನೊಂದು ಕಡೆ ಜನಸ್ಪಂದನ ಸಭೆ, ಸಹಾಯವಾಣಿ, ಆ್ಯಪ್ ಮುಂತಾದ ಹೊಸ ದಾರಿಗಳ ಪ್ರಕಟಣೆಗಳೂ ಬರುತ್ತಿವೆ. ಇವೆಲ್ಲವನ್ನೂ ಓದಿದ ನಾಗರಿಕರಿಗೆ ಸ್ಪಷ್ಟವಾಗದೆ ಉಳಿದಿರುವ ಸಂಗತಿಗಳು ಮುಖ್ಯವಾಗಿ ಎರಡು. ಒಂದು ಬೀದಿಯ ಜನರೆಲ್ಲ ಸಹಿ ಹಾಕಿ ಕೊಟ್ಟ ಮನವಿಗೆ ಉತ್ತರ ಕೊಡಲೇಬೇಕಾದವರು ಯಾರು? ಆ ಉತ್ತರವನ್ನು ಎಲ್ಲರ ಎದುರು ಹೇಳಬೇಕಾದ ಜಾಗ ಯಾವುದು?

ಮೊದಲ ಪ್ರಶ್ನೆಗೆ ಕಾಯ್ದೆಗಳಲ್ಲಿ ಅಷ್ಟಿಷ್ಟು ಉತ್ತರವಿದೆ. ಎರಡನೆಯದಕ್ಕೆ ಇಲ್ಲ. ಚುನಾಯಿತ ಸದಸ್ಯರು ಇದ್ದಾಗಲೂ ಈ ಕೊರತೆ ಇತ್ತು. ಅವರು ಇಲ್ಲದಿರುವಾಗ ಅದು ಬಯಲಾಗಿದೆ, ಅಷ್ಟೇ.

ಐದು ವರ್ಷದ ಲೆಕ್ಕ

ಅವಧಿಯ ಬಗ್ಗೆ ಇರುವ ಗೊಂದಲವನ್ನು ಮೊದಲು ಬಿಡಿಸಬೇಕು. ತುಮಕೂರು ಪಾಲಿಕೆಗೆ ಮತದಾನ ನಡೆದದ್ದು 2018ರ ಆಗಸ್ಟ್ 31ರಂದು. ಹಾಗಾದರೆ 2023ರಲ್ಲೇ ಅವಧಿ ಮುಗಿಯಬೇಕಿತ್ತಲ್ಲ ಎಂದು ಹಲವರು ಕೇಳುತ್ತಾರೆ. ಸಂವಿಧಾನದ 243ಯು ವಿಧಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಐದು ವರ್ಷಗಳ ಅವಧಿಯನ್ನು ಎಣಿಸುವುದು ಮತದಾನದ ದಿನದಿಂದಲ್ಲ, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ. ಮೇಯರ್ ಸ್ಥಾನದ ಮೀಸಲಾತಿ ತಕರಾರಿನಿಂದಾಗಿ ತುಮಕೂರಿನಲ್ಲಿ ಆ ಮೊದಲ ಸಭೆ 2019ರ ಜನವರಿಯವರೆಗೆ ಮುಂದೆ ಹೋಗಿತ್ತು. ಕೋಲಾರ ನಗರಸಭೆಗೆ 2019ರ ನವೆಂಬರ್‌ನಲ್ಲಿ, ಚಿಕ್ಕಬಳ್ಳಾಪುರ ನಗರಸಭೆಗೆ 2020ರ ಫೆಬ್ರುವರಿಯಲ್ಲಿ ಮತದಾನ ನಡೆದರೂ ಇಂಥದೇ ಕಾರಣಕ್ಕೆ ಗೆದ್ದವರು ಅಧಿಕಾರ ವಹಿಸಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಜನರು ಮತ ಹಾಕಿಯಾಗಿತ್ತು, ಸದಸ್ಯರ ಹೆಸರುಗಳೂ ಗೊತ್ತಿದ್ದವು, ಆದರೆ ಮನವಿಯನ್ನು ಚರ್ಚಿಸಲು ಸಭೆಯೇ ಇರಲಿಲ್ಲ.

ಅದೇ 243ಯು ವಿಧಿ ಇನ್ನೊಂದು ಮಾತನ್ನೂ ಹೇಳುತ್ತದೆ: ಅವಧಿ ಮುಗಿಯುವುದಕ್ಕೆ ಮುನ್ನವೇ ಮುಂದಿನ ಚುನಾವಣೆ ಪೂರ್ಣಗೊಂಡಿರಬೇಕು. 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿಯೂ, 2022ರ ಸುರೇಶ್ ಮಹಾಜನ್ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ವಾರ್ಡ್ ಮರುವಿಂಗಡಣೆ ಅಥವಾ ಹಿಂದುಳಿದ ವರ್ಗಗಳ ಮೀಸಲಾತಿಯ ಸಿದ್ಧತೆ ಮುಗಿದಿಲ್ಲ ಎಂಬುದು ಚುನಾವಣೆಯನ್ನು ಮುಂದೂಡಲು ಕಾರಣವಾಗಲಾರದು ಎಂಬುದು 2022ರ ಆದೇಶದ ತಿರುಳು. ಹಾಗಿದ್ದರೂ ಕರ್ನಾಟಕದಲ್ಲಿ ವಿಳಂಬ ರೂಢಿಯಾಗಿದೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಅವು ವರ್ಷಾನುಗಟ್ಟಲೆ ಸದಸ್ಯರಿಲ್ಲದೆ ಉಳಿದವು. ಮೀಸಲಾತಿ ಪಟ್ಟಿಯನ್ನು ತಡವಾಗಿ ಹೊರಡಿಸುವುದರಿಂದ ವ್ಯಾಜ್ಯ ಹುಟ್ಟುತ್ತದೆ, ವ್ಯಾಜ್ಯದಿಂದ ಚುನಾವಣೆ ಮುಂದೆ ಹೋಗುತ್ತದೆ, ಚುನಾವಣೆ ಇಲ್ಲದ್ದರಿಂದ ಅಧಿಕಾರಿಗಳ ಆಡಳಿತ ಮುಂದುವರಿಯುತ್ತದೆ. ಈ ಸರಣಿಯ ಕೊನೆಯ ಪರಿಣಾಮ ಬೀಳುವುದು ಮನವಿ ಹಿಡಿದು ನಿಂತ ನಾಗರಿಕರ ಮೇಲೆ.

ಸಭೆಗೆ ಹೋಗಬಹುದು, ಮಾತನಾಡುವಂತಿಲ್ಲ

ಪಾಲಿಕೆಗಳಿಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಅನ್ವಯಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಂಥ ನಗರಸಭೆಗಳಿಗೆ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆ. ಎರಡರಲ್ಲೂ ಸಾಮಾನ್ಯ ಸಭೆ ಸಾರ್ವಜನಿಕರಿಗೆ ತೆರೆದಿರಬೇಕು ಎಂಬುದೇ ನಿಯಮ, ಮುಚ್ಚಿದ ಬಾಗಿಲಿನ ಸಭೆ ಅಪವಾದ. ಆದರೆ ತೆರೆದ ಸಭೆ ಎಂದರೆ ಕುಳಿತು ನೋಡಬಹುದಾದ ಸಭೆ ಮಾತ್ರ. ಪ್ರಶ್ನೆ ಕೇಳುವ, ನಿರ್ಣಯ ಮಂಡಿಸುವ, ಅಧಿಕಾರಿಯಿಂದ ವಿವರಣೆ ಬಯಸುವ ಹಕ್ಕು ಇರುವುದು ಸದಸ್ಯರಿಗೆ. ನಾಗರಿಕರ ಪ್ರಶ್ನೆ ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕಾದರೆ ಒಬ್ಬ ಸದಸ್ಯ ಅದನ್ನು ತನ್ನ ಪ್ರಶ್ನೆಯಾಗಿ ಎತ್ತಬೇಕು.

ತೆರಿಗೆ ಮತ್ತು ಹಣಕಾಸು, ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಎಂದು ಪಾಲಿಕೆಯ ಸ್ಥಾಯಿ ಸಮಿತಿಗಳು ನಾಲ್ಕು. ನಾಗರಿಕರ ಅರ್ಜಿಗಳನ್ನು ಪರಿಶೀಲಿಸುವುದಕ್ಕೆಂದೇ ಒಂದು ಸಮಿತಿ ಅವುಗಳಲ್ಲಿ ಇಲ್ಲ. ರಾಜ್ಯದ ವಿಧಾನಸಭೆಯಲ್ಲಿ ಮತ್ತು ವಿಧಾನ ಪರಿಷತ್ತಿನಲ್ಲಿ ಅರ್ಜಿಗಳ ಸಮಿತಿ ಇದೆ. ನಾಗರಿಕರ ಅರ್ಜಿಯನ್ನು ಸದನದ ಮುಂದೆ ಇಟ್ಟು, ಇಲಾಖೆಯ ಅಧಿಕಾರಿಗಳನ್ನು ಕರೆಸಿ ಕೇಳಿ, ವರದಿ ಕೊಡುವ ಪದ್ಧತಿ ಅಲ್ಲಿದೆ. ಇಡೀ ರಾಜ್ಯದ ವಿಷಯಗಳನ್ನು ನೋಡುವ ಸದನಕ್ಕೆ ಸಾಧ್ಯವಾದದ್ದು 35 ವಾರ್ಡ್‌ಗಳ ಪಾಲಿಕೆಗೆ ಏಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಕಾಣುವುದಿಲ್ಲ.

ಈ ಭಾಗಕ್ಕೆ ಇಂಥ ವ್ಯವಸ್ಥೆ ಅಪರಿಚಿತವೂ ಅಲ್ಲ. ತುಮಕೂರು ಮತ್ತು ಕೋಲಾರ ಮೈಸೂರು ಸಂಸ್ಥಾನದ ಜಿಲ್ಲೆಗಳಾಗಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಅಲ್ಲಿಯವರೆಗೆ ಅದು ಕೋಲಾರ ಜಿಲ್ಲೆಯ ಭಾಗ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾ ಪ್ರತಿನಿಧಿ ಸಭೆಗೆ ಶಾಸನ ರೂಪಿಸುವ ಅಧಿಕಾರ ಇರಲಿಲ್ಲ. ಅಲ್ಲಿಗೆ ಬಂದವರು ಬಹುಪಾಲು ಜಮೀನ್ದಾರರು ಮತ್ತು ವರ್ತಕರು, ಹಾಗಾಗಿ ಅದನ್ನು ಇಂದಿನ ಅರ್ಥದ ಜನಪ್ರಾತಿನಿಧ್ಯ ಎನ್ನಲಾಗದು. ಆದರೂ ತಾಲ್ಲೂಕುಗಳ ಅಹವಾಲನ್ನು ದಿವಾನರ ಎದುರೇ ಹೇಳಿ ಸರ್ಕಾರದ ನಿಲುವನ್ನು ಅಲ್ಲಿಯೇ ಕೇಳುವ ಅವಕಾಶ ಅದರಲ್ಲಿತ್ತು. ಆಡಳಿತ ನಡೆಸುವವರು ಅಹವಾಲನ್ನು ಬಹಿರಂಗವಾಗಿ ಕೇಳಿಸಿಕೊಳ್ಳಬೇಕೆಂಬ ತತ್ವ ಈ ನೆಲದಲ್ಲಿ ಅಷ್ಟು ಹಳೆಯದು.

ಇನ್‌ವರ್ಡ್ ಆದ ಮೇಲೆ

ಪಾಲಿಕೆ ಕಚೇರಿಯ ಟಪಾಲು ವಿಭಾಗದಲ್ಲಿ ಮನವಿ ಕೊಟ್ಟರೆ ಇನ್‌ವರ್ಡ್ ಸಂಖ್ಯೆ ಬೀಳುತ್ತದೆ. ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡವರಿಗೆ ಕೊಟ್ಟಿದ್ದಕ್ಕೆ ಪುರಾವೆ ಸಿಗುತ್ತದೆ. ಅಲ್ಲಿಂದ ಕಾಗದವು ಆಯುಕ್ತರ ಅಥವಾ ಉಪ ಆಯುಕ್ತರ ಷರಾದೊಂದಿಗೆ ಸಂಬಂಧಪಟ್ಟ ಶಾಖೆಗೆ, ಶಾಖೆಯಿಂದ ವಿಷಯ ನಿರ್ವಾಹಕರಿಗೆ, ಅವರಿಂದ ಸ್ಥಳ ಪರಿಶೀಲನೆಗೆಂದು ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರಿಗೆ ಹೋಗುತ್ತದೆ. ಕೊನೆಗೆ ಅರ್ಜಿದಾರರಿಗೆ ಒಂದು ಹಿಂಬರಹ ಬರಬೇಕು. ಕೆಲಸ ಆಯಿತು, ಆಗುವುದಿಲ್ಲ, ಅಥವಾ ಬೇರೆ ಇಲಾಖೆಗೆ ಕಳುಹಿಸಲಾಗಿದೆ ಎಂದು ಬರವಣಿಗೆಯಲ್ಲಿ ತಿಳಿಸುವ ಕಾಗದ ಅದು.

ಹಿಂಬರಹ ಬಾರದಿದ್ದರೆ ಏನು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ. ಎಲ್ಲವೂ ಒಂದೇ ಕೌಂಟರಿನಲ್ಲಿ ಕೊಡುವ ಕಾಗದಗಳಾದ್ದರಿಂದ ಎಲ್ಲಕ್ಕೂ ಒಂದೇ ನಿಯಮ ಇರುತ್ತದೆಂದು ಜನ ಭಾವಿಸುತ್ತಾರೆ, ಆದರೆ ಹಾಗಿಲ್ಲ.

ಖಾತಾ ವರ್ಗಾವಣೆ, ಜನನ ಪ್ರಮಾಣಪತ್ರ, ವ್ಯಾಪಾರ ಪರವಾನಗಿಯಂಥ ಗೊತ್ತುಪಡಿಸಿದ ಸೇವೆಗಳಿಗೆ 2011ರ ಸಕಾಲ ಕಾಯ್ದೆಯ ರಕ್ಷಣೆ ಇದೆ. ಸ್ವೀಕೃತಿ ಸಂಖ್ಯೆ, ಕಾಲಮಿತಿ, ಮೇಲ್ಮನವಿ, ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರ, ಎಲ್ಲವನ್ನೂ ಆ ಕಾಯ್ದೆ ಬರೆದಿಟ್ಟಿದೆ. ಮೊತ್ತ ಸಣ್ಣದಿರಬಹುದು. ಆದರೆ ತಡಮಾಡಿದ ಅಧಿಕಾರಿಯ ಹೆಸರಿನಲ್ಲಿ ದಾಖಲೆ ಉಳಿಯುತ್ತದೆ, ಕಚೇರಿಯನ್ನು ಚುರುಕುಗೊಳಿಸುವುದು ಅದೇ.

ಚರಂಡಿ ಹೂಳು, ಕಸ ವಿಲೇವಾರಿ, ಬೀದಿದೀಪದಂಥ ದೂರುಗಳದ್ದು ಎರಡನೆಯ ಬಗೆ. ಇವಕ್ಕೆ 1902 ಸಹಾಯವಾಣಿ ಮತ್ತು ಸಮಗ್ರ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆ ಇದೆ. ದೂರಿಗೆ ಸಂಖ್ಯೆ ಸಿಗುತ್ತದೆ, ಯಾವ ಅಧಿಕಾರಿಯ ಬಳಿ ಇದೆ ಎಂದು ನೋಡಬಹುದು. ಆದರೆ ದೂರನ್ನು ಮುಕ್ತಾಯಗೊಳಿಸುವವರು ಕೆಲಸ ಮಾಡಬೇಕಾಗಿದ್ದ ಇಲಾಖೆಯವರೇ. ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದು ಸಾಲು ನಿಜವೇ ಎಂದು ಬೀದಿಯವರನ್ನು ಕೇಳುವ ಮೂರನೆಯ ಕಣ್ಣು ಅಲ್ಲಿಲ್ಲ.

ಮೂರನೆಯ ಬಗೆಯ ಮನವಿಗೇ ಅತ್ಯಂತ ಕಡಿಮೆ ರಕ್ಷಣೆ. ಅಜ್ಜಗೊಂಡನಹಳ್ಳಿಯ ಕಸ ಸಂಸ್ಕರಣಾ ಘಟಕದ ಮುಂದಿನ ಯೋಜನೆ ಏನು? ಅಮಾನಿಕೆರೆಯ ನಿರ್ವಹಣೆಗೆ ಎಷ್ಟು ಹಣ ಇಡುತ್ತೀರಿ? ಈ ವರ್ಷ ಯಾವ ವಾರ್ಡ್‌ಗಳಿಗೆ ರಸ್ತೆ, ಯಾವುದಕ್ಕೆ ಇಲ್ಲ, ಯಾವ ಆಧಾರದ ಮೇಲೆ? ಇಂಥವು ಒಂದು ಮನೆಯ ದೂರುಗಳಲ್ಲ, ಊರಿನ ತೀರ್ಮಾನದ ಕುರಿತ ಪ್ರಶ್ನೆಗಳು. ಇವುಗಳಿಗೆ ಸಕಾಲ ಇಲ್ಲ. ಸಹಾಯವಾಣಿ ಇವನ್ನು ದೂರಿನ ಪೆಟ್ಟಿಗೆಗೆ ಹಾಕಿ ಮುಚ್ಚುತ್ತದೆ. ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನಗಳಲ್ಲಿ ಕಡತದಲ್ಲಿರುವ ಮಾಹಿತಿ ಪಡೆಯಬಹುದು, ಕಾಮಗಾರಿಯನ್ನು ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ಮಾದರಿಯನ್ನೂ ಕೇಳಬಹುದು. ಆದರೆ ರಾಜ್ಯದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಅಲ್ಲದೆ ಕಡತದಲ್ಲಿ ಬರೆದಿಲ್ಲದ ಉದ್ದೇಶವನ್ನು ವಿವರಿಸುವಂತೆ ಆ ಕಾಯ್ದೆಯಡಿ ಒತ್ತಾಯಿಸಲಾಗದು. ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸಬೇಕೆಂದು ಅದೇ ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅದನ್ನು ಉಲ್ಲೇಖಿಸಿ ಮನವಿ ಬರೆಯುವವರು ಇನ್ನೂ ಕಡಿಮೆ.

ಈ ಮೂರನೆಯ ಬಗೆಯ ಪ್ರಶ್ನೆಗೆ ಸರಿಯಾದ ಜಾಗ ಸಾಮಾನ್ಯ ಸಭೆ. ಅಲ್ಲಿಗೆ ಅದನ್ನು ಒಯ್ಯುತ್ತಿದ್ದ ಏಕೈಕ ಸೇತುವೆ ವಾರ್ಡ್ ಸದಸ್ಯ. ಆಡಳಿತಾಧಿಕಾರಿ ಬಂದಾಗ ಸಾಮಾನ್ಯ ಸಭೆಯ ಮತ್ತು ಸ್ಥಾಯಿ ಸಮಿತಿಗಳ ಅಧಿಕಾರವೆಲ್ಲ ಅವರಿಗೆ ಸೇರುತ್ತದೆ, ಆದರೆ ಸಭೆಯಲ್ಲಿ ನಡೆಯುತ್ತಿದ್ದ ಪ್ರಶ್ನೋತ್ತರ ಯಾರಿಗೂ ಸೇರುವುದಿಲ್ಲ. ಪ್ರಸ್ತಾವ ಇಡುವವರೂ ಅದನ್ನು ಒಪ್ಪುವವರೂ ಅಧಿಕಾರಿಗಳೇ ಆದ ಕಡತದಲ್ಲಿ ಆಕ್ಷೇಪಣೆಯ ದನಿ ಕೇಳಿಸಲು ವ್ಯವಸ್ಥೆಯೇ ಇಲ್ಲ.

ಯಾವ ಕಚೇರಿಯ ಕೆಲಸ?

ಇನ್ನೊಂದು ತೊಡಕೆಂದರೆ ನಗರದ ಕೆಲಸಗಳು ಹಲವು ಸಂಸ್ಥೆಗಳಲ್ಲಿ ಹಂಚಿಹೋಗಿರುವುದು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದಾಗ ಕಾಮಗಾರಿಗಳಿಗೆ ಪ್ರತ್ಯೇಕ ಕಂಪನಿ ರಚನೆಯಾಯಿತು. ರಸ್ತೆ ಅಗೆದದ್ದು ಕಂಪನಿ, ಧೂಳು ತಿಂದದ್ದು ಜನ, ಮನವಿ ಹೋದದ್ದು ಪಾಲಿಕೆಗೆ. ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ, ಒಳಚರಂಡಿ ಯೋಜನೆಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ವಿದ್ಯುತ್ ಕಂಬಕ್ಕೆ ಬೆಸ್ಕಾಂ. ಕೋಲಾರದಲ್ಲಿ ಕುಡಿಯುವ ನೀರಿನ ವಿಷಯ ನಗರಸಭೆಯಿಂದ ಯರಗೋಳ್ ಅಣೆಕಟ್ಟೆಯ ಯೋಜನೆವರೆಗೆ ಹರಡಿದೆ. ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಬರುವ ಸಂಸ್ಕರಿಸಿದ ಕೊಳಚೆ ನೀರು ತುಂಬುವ ಕೆರೆಗಳದ್ದು ಸಣ್ಣ ನೀರಾವರಿ ಇಲಾಖೆಗೆ ಸೇರಿದ ಮಾತು. ಚಿಕ್ಕಬಳ್ಳಾಪುರಕ್ಕೆ ನೀರು ಕೊಡುವ ಜಕ್ಕಲಮಡಗು ಜಲಾಶಯದಲ್ಲಿ ದೊಡ್ಡಬಳ್ಳಾಪುರಕ್ಕೂ ಪಾಲಿದೆ.

ಹೀಗಿರುವಾಗ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಹಲವು ಬಾರಿ ನಿಜವೇ ಆಗಿರುತ್ತದೆ. ಆದರೆ ಎಲ್ಲ ಸಂಸ್ಥೆಗಳ ಅಧಿಕಾರಿಗಳನ್ನೂ ಒಂದೇ ಕಡೆ ಕೂರಿಸಿ ‘ಹಾಗಾದರೆ ಯಾರ ವ್ಯಾಪ್ತಿ?’ ಎಂದು ಕೇಳುವುದು ಚುನಾಯಿತ ಸಭೆಯ ಕೆಲಸವಾಗಿತ್ತು. ಆ ಸಭೆಯಿಲ್ಲದೆ ಹೋದಾಗ ಮನವಿಯೇ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ವಾರ್ಡ್ ಸಮಿತಿ: ಕಾಯ್ದೆಯಲ್ಲಿ ಇರುವ ಬಾಗಿಲು

ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 74ನೇ ತಿದ್ದುಪಡಿಯಿಂದ ಬಂದ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲಿ ತುಮಕೂರು ಈ ಗಡಿಯನ್ನು ಸ್ವಲ್ಪವೇ ದಾಟಿತ್ತು. ಕೋಲಾರ ಸುಮಾರು 1.38 ಲಕ್ಷ, ಚಿಕ್ಕಬಳ್ಳಾಪುರ ಸುಮಾರು 64 ಸಾವಿರ ಜನರ ಊರುಗಳಾದ್ದರಿಂದ ಸಂವಿಧಾನದ ಈ ಕಡ್ಡಾಯ ಅವುಗಳಿಗೆ ತಾಗುವುದಿಲ್ಲ. ಊರು ಚಿಕ್ಕದಾದಷ್ಟೂ ಜನರನ್ನು ಒಂದೆಡೆ ಸೇರಿಸುವುದು ಸುಲಭ. ಅಂಥ ಕಡೆಯೇ ಸಭೆಯ ಕಡ್ಡಾಯ ಇಲ್ಲದಿರುವುದು ವಿಚಿತ್ರ.

ರಾಜ್ಯವು 2011ರಲ್ಲಿ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ ಮತ್ತು ಅದರ ಕೆಳಗೆ ಏರಿಯಾ ಸಭೆಯನ್ನು (ವಾರ್ಡಿನ ಒಂದು ಭಾಗದ ಮತದಾರರ ಸಭೆ) ಸೇರಿಸಿತು. ಸಮಿತಿಯ ಹತ್ತು ಸದಸ್ಯರಲ್ಲಿ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದ ಇಬ್ಬರು, ನಿವಾಸಿಗಳ ಸಂಘಗಳ ಇಬ್ಬರು ಇರಬೇಕು. ನಾಗರಿಕರ ಪ್ರಶ್ನೆಗೆ ಬಹಿರಂಗ ಉತ್ತರ ಸಿಗುವ ಜಾಗ ಇದಾಗಬಹುದಿತ್ತು. ಆದರೆ ಸಮಿತಿಯ ಅಧ್ಯಕ್ಷತೆ ವಾರ್ಡಿನ ಸದಸ್ಯರದು. ಸದಸ್ಯರಿಲ್ಲದಿದ್ದರೆ ಸಮಿತಿಗೆ ಅಧ್ಯಕ್ಷರಿಲ್ಲ. ಹೀಗೆ, ಚುನಾವಣೆ ತಡವಾದಾಗ ಜನರ ಕೈಹಿಡಿಯಬೇಕಾಗಿದ್ದ ವ್ಯವಸ್ಥೆಯೇ ಚುನಾವಣೆಯ ಜೊತೆಗೆ ನಿಂತುಹೋಗುತ್ತದೆ. ಇದು ಅನಿವಾರ್ಯವೇನಲ್ಲ: ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೂ ನೋಡಲ್ ಅಧಿಕಾರಿಗಳ ಮೂಲಕ ವಾರ್ಡ್ ಮಟ್ಟದ ಸಭೆಗಳನ್ನು ಮುಂದುವರಿಸಲಾಯಿತು.

ಹಳ್ಳಿಯ ಸ್ಥಿತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ನಗರದ ಬಡತನ ಇನ್ನಷ್ಟು ಕಾಣುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಮತದಾರರೇ ಸದಸ್ಯರು, ಯಾರ ಮೂಲಕವೂ ಅಲ್ಲದೆ ತಾವೇ ಎದ್ದು ನಿಂತು ಕೇಳಬಹುದು. ಗ್ರಾಮ ಸಭೆಗಳು ಎಷ್ಟೋ ಕಡೆ ಕಾಟಾಚಾರಕ್ಕೆ ನಡೆಯುತ್ತವೆ ಎಂಬುದು ನಿಜ, ಆದರೂ ಹಕ್ಕು ಇದೆ. ನಗರದ ಅಂಚಿನ ಹಳ್ಳಿಗಳನ್ನು ಪಾಲಿಕೆಗೆ ಸೇರಿಸುವ ಮಾತು ಬಂದಾಗಲೆಲ್ಲ ತೆರಿಗೆ ಹೆಚ್ಚುತ್ತದೆ, ಉದ್ಯೋಗ ಖಾತರಿ ಕೆಲಸ ತಪ್ಪುತ್ತದೆ ಎಂಬ ಚರ್ಚೆ ನಡೆಯುತ್ತದೆ. ಅದರ ಜೊತೆಗೆ ಗ್ರಾಮ ಸಭೆಯಲ್ಲಿ ನೇರವಾಗಿ ಪ್ರಶ್ನೆ ಕೇಳುವ ಹಕ್ಕೂ ಹೋಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಜನಸ್ಪಂದನ ಸಾಲದೇ?

ಆಡಳಿತದ ಕಡೆಯಿಂದ ಬರುವ ವಾದವನ್ನು ಗಂಭೀರವಾಗಿಯೇ ಪರಿಗಣಿಸಬೇಕು. ಜಿಲ್ಲಾಧಿಕಾರಿಗಳು ಮತ್ತು ಉಸ್ತುವಾರಿ ಸಚಿವರು ಜನಸ್ಪಂದನದಲ್ಲಿ ಅರ್ಜಿ ಸ್ವೀಕರಿಸುತ್ತಾರೆ, ಎಲ್ಲ ಇಲಾಖೆಗಳ ಅಧಿಕಾರಿಗಳೂ ಅಲ್ಲಿರುತ್ತಾರೆ, ಕೆಲವು ಸಮಸ್ಯೆಗಳು ಸ್ಥಳದಲ್ಲೇ ಬಗೆಹರಿಯುತ್ತವೆ. ಪಿಂಚಣಿ ನಿಂತುಹೋದ ವೃದ್ಧೆಗೆ, ಪಹಣಿಯಲ್ಲಿ ಹೆಸರು ತಪ್ಪಾದ ರೈತನಿಗೆ ಇದು ನಿಜವಾದ ನೆರವು. ಸದಸ್ಯರ ಶಿಫಾರಸಿಲ್ಲದೆ ನೇರವಾಗಿ ಹಿರಿಯ ಅಧಿಕಾರಿಯನ್ನು ಕಾಣುವ ಅವಕಾಶವನ್ನು, ವಾರ್ಡಿನ ಗುಂಪು ರಾಜಕೀಯದಲ್ಲಿ ಸದಾ ಹೊರಗುಳಿದವರು, ಮುಖ್ಯವಾಗಿ ಬಡವರು ಮತ್ತು ದಲಿತ ಕೇರಿಗಳವರು, ಹೆಚ್ಚು ನೆಚ್ಚುವುದೂ ಉಂಟು. ಕಾರ್ಪೊರೇಟರ್ ಇದ್ದ ಕಾಲದಲ್ಲಿ ಎಲ್ಲರ ಮನವಿಗೂ ಸಮಾನ ಬೆಲೆ ಇತ್ತೆಂದು ಯಾರೂ ಹೇಳಲಾರರು.

ಆದರೂ ಜನಸ್ಪಂದನಕ್ಕೆ ಎರಡು ಮಿತಿಗಳಿವೆ. ಅಲ್ಲಿ ಒಬ್ಬೊಬ್ಬರ ಅರ್ಜಿ ಒಬ್ಬೊಬ್ಬರದಾಗಿಯೇ ಇತ್ಯರ್ಥವಾಗುತ್ತದೆ, ನಲವತ್ತು ಬೀದಿಗಳ ಒಂದೇ ಸಮಸ್ಯೆ ನಲವತ್ತು ಅರ್ಜಿಗಳಾಗಿ ಬಿಡಿಯಾಗುತ್ತದೆ. ಎರಡನೆಯದಾಗಿ, ಅದು ನಡೆಯುವುದು ಅಧಿಕಾರಿಯ ಇಚ್ಛೆಯಿಂದ. ವರ್ಗಾವಣೆಯಾದರೆ ಅದರ ವೇಗವೂ ಬದಲಾಗುತ್ತದೆ. ಕೇಳಿದ ಪ್ರಶ್ನೆ, ಕೊಟ್ಟ ಭರವಸೆ, ಆರು ತಿಂಗಳ ನಂತರ ಆದದ್ದೇನು ಎಂಬುದನ್ನು ಒಂದೇ ಕಡೆ ಓದಬಹುದಾದ ನಡಾವಳಿ ಅಲ್ಲಿಂದ ಹುಟ್ಟುವುದಿಲ್ಲ.

ಸಭೆಯಲ್ಲೇ ನಾಗರಿಕರ ಪ್ರಶ್ನೆ

ಇಂಗ್ಲೆಂಡಿನ ಅನೇಕ ಸ್ಥಳೀಯ ಕೌನ್ಸಿಲ್‌ಗಳಲ್ಲಿ ನಿವಾಸಿಗಳು ಕೆಲವು ದಿನ ಮುಂಚಿತವಾಗಿ ಬರೆದು ಕೊಟ್ಟ ಪ್ರಶ್ನೆಗೆ ಸಭೆಯಲ್ಲೇ ಉತ್ತರ ನೀಡುವ ಪದ್ಧತಿ ಇದೆ. ನಿಗದಿತ ಸಂಖ್ಯೆಗಿಂತ ಹೆಚ್ಚು ಸಹಿಗಳಿರುವ ಮನವಿಯನ್ನು ಚರ್ಚೆಗೆ ತೆಗೆದುಕೊಳ್ಳುವ ನಿಯಮವನ್ನೂ ಹಲವು ಕೌನ್ಸಿಲ್‌ಗಳು ಇಟ್ಟುಕೊಂಡಿವೆ. ಇದನ್ನು ಇಲ್ಲಿಯೂ ತರಬಹುದೇ ಎಂಬ ಪ್ರಶ್ನೆಗೆ ಬರುವ ವಿರೋಧ ಮೂರು ಬಗೆಯದು. ಸಭೆಗಳು ಈಗಾಗಲೇ ಗದ್ದಲದಲ್ಲಿ ಮುಗಿಯುತ್ತವೆ, ಇನ್ನಷ್ಟು ಜನರನ್ನು ಸೇರಿಸಿದರೆ ಕಾರ್ಯಸೂಚಿ ಮುಟ್ಟಲಾಗದು ಎಂಬುದು ಒಂದು. ಗೆದ್ದು ಬಂದ ಸದಸ್ಯನನ್ನು ಬದಿಗೊತ್ತಿದಂತಾಗುತ್ತದೆ ಎಂಬುದು ಇನ್ನೊಂದು. ಸೋತ ಅಭ್ಯರ್ಥಿಗಳು ಮತ್ತು ಗುತ್ತಿಗೆದಾರರ ಪೈಪೋಟಿ ನಾಗರಿಕರ ವೇಷದಲ್ಲಿ ಬರುತ್ತದೆ ಎಂಬುದು ಮೂರನೆಯದು.

ಮೊದಲ ಮತ್ತು ಮೂರನೆಯ ಆಕ್ಷೇಪಗಳನ್ನು ನಿಯಮದಿಂದಲೇ ಎದುರಿಸಬಹುದು. ಅರ್ಧ ಗಂಟೆಯ ಮಿತಿ, ಏಳು ದಿನ ಮುಂಚೆ ಬರಹದಲ್ಲಿ ಪ್ರಶ್ನೆ, ಒಬ್ಬರಿಗೆ ಒಂದು ಪ್ರಶ್ನೆ, ಹಿತಾಸಕ್ತಿ ಇದ್ದರೆ ಘೋಷಣೆ, ಸಮಯ ಸಾಲದಿದ್ದರೆ ಲಿಖಿತ ಉತ್ತರ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಆದರೆ ಅದರ ಹಿಂದಿನ ಭಯ ಸರಿಯಲ್ಲ. ನಾಗರಿಕರ ಪ್ರಶ್ನೆ ಸದಸ್ಯನ ಪ್ರಶ್ನೆಗೆ ಬದಲಿಯಲ್ಲ, ಅದು ಆತನ ಕೈಗೆ ಸಿಗುವ ಆಧಾರ. ವಾರ್ಡಿನ ಜನರೇ ಎದ್ದು ಕೇಳಿದ ವಿಷಯವನ್ನು ಆಯುಕ್ತರು ತಳ್ಳಿಹಾಕುವುದು ಕಷ್ಟ. ಮತ ಹಾಕಿಸಿಕೊಂಡ ಮೇಲೆ ಐದು ವರ್ಷ ಜನರ ಪರವಾಗಿ ಮಾತನಾಡುವ ಹಕ್ಕು ತನ್ನೊಬ್ಬನದೇ ಎಂದು ಸದಸ್ಯ ಭಾವಿಸಿದರೆ ಆ ಭಾವನೆಯನ್ನು ತಿದ್ದಬೇಕು, ನಾಗರಿಕರ ಬಾಯಿ ಕಟ್ಟುವುದಲ್ಲ.

ಮುಂದೆ ಆಗಬಹುದಾದದ್ದು

ಚುನಾವಣೆ ನಡೆದರೂ ಉತ್ತರದ ವ್ಯವಸ್ಥೆ ತಾನಾಗಿ ಬರುವುದಿಲ್ಲ. ಮೀಸಲಾತಿ ವ್ಯಾಜ್ಯದಿಂದ ಮೊದಲ ಸಭೆ ಮತ್ತೆ ತಡವಾಗಬಹುದು. ಸಭೆ ಸೇರಿದ ಮೇಲೂ, ವಾರ್ಡ್ ಸಮಿತಿ ರಚಿಸುವ ನಿರ್ಣಯವನ್ನು ಆರಂಭದ ತಿಂಗಳುಗಳಲ್ಲೇ ಕೈಗೊಳ್ಳದಿದ್ದರೆ ಆಮೇಲೆ ಅದಕ್ಕೆ ಒತ್ತಡ ಇರುವುದಿಲ್ಲ. ಆ ನಡುವೆ ಆಡಳಿತಾಧಿಕಾರಿ ಕಾಲದಲ್ಲಿ ಮಂಜೂರಾದ ಕಾಮಗಾರಿಗಳ ಬಗ್ಗೆ ಹೊಸ ಸದಸ್ಯರು ‘ಅದು ನಮ್ಮ ಕಾಲದ್ದಲ್ಲ’ ಎನ್ನುತ್ತಾರೆ, ಅಧಿಕಾರಿಗಳು ವರ್ಗವಾಗಿರುತ್ತಾರೆ. ಸದಸ್ಯರಿಲ್ಲದ ಅವಧಿಯ ಮನವಿಗಳಿಗೆ ಹೊಣೆ ಹೊರುವವರೇ ಇಲ್ಲದೆ ಹೋಗುವುದು ಹೀಗೆ.

ಇದನ್ನು ತಪ್ಪಿಸುವ ಕೆಲಸದ ಒಂದು ಭಾಗಕ್ಕೆ ಹೊಸ ಕಾಯ್ದೆ ಬೇಕಿಲ್ಲ. ತಿಂಗಳಲ್ಲಿ ಬಂದ ಸಾಮೂಹಿಕ ಮನವಿಗಳು, ಅವುಗಳ ಇನ್‌ವರ್ಡ್ ಸಂಖ್ಯೆ, ಯಾವ ಶಾಖೆಯಲ್ಲಿವೆ, ಏನು ಹಿಂಬರಹ ಕೊಡಲಾಯಿತು ಎಂಬ ಪಟ್ಟಿಯನ್ನು, ಅರ್ಜಿದಾರರ ಖಾಸಗಿ ವಿವರಗಳನ್ನು ಬಿಟ್ಟು, ಸೂಚನಾ ಫಲಕದಲ್ಲಿ ಮತ್ತು ಜಾಲತಾಣದಲ್ಲಿ ಹಾಕಲು ಒಂದು ಕಚೇರಿ ಆದೇಶ ಸಾಕು. ಆಡಳಿತಾಧಿಕಾರಿಯೇ ಅದನ್ನು ಹೊರಡಿಸಬಹುದು.

ನಾಗರಿಕರ ಕಡೆಯಿಂದ ನೋಡಿದರೆ ಸದ್ಯಕ್ಕೆ ತೆರೆದಿರುವ ಬಹಿರಂಗ ಅವಕಾಶ ಬಜೆಟ್ ಪೂರ್ವಭಾವಿ ಸಭೆ. ಸದಸ್ಯರು ಇಲ್ಲದಿದ್ದರೂ ಬಜೆಟ್ ಮಾಡಲೇಬೇಕು, ಅದಕ್ಕೆ ಮುನ್ನ ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಪದ್ಧತಿ ನಮ್ಮ ನಗರ ಸಂಸ್ಥೆಗಳಲ್ಲಿದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬಾಯಿಮಾತಿನಲ್ಲಿ ಬೇಡಿಕೆ ಹೇಳಿ ಹೋಗುತ್ತಾರೆ. ಅದರ ಬದಲು ವಾರ್ಡಿನ ಪ್ರಶ್ನೆಯನ್ನು ಬರೆದು ತಂದು, ಸಭೆಯ ನಡಾವಳಿಯಲ್ಲಿ ಸೇರಿಸುವಂತೆ ಕೇಳಿ, ಇನ್‌ವರ್ಡ್ ಮಾಡಿಸಿ, ಬಜೆಟ್ ಪ್ರಕಟವಾದ ಮೇಲೆ ಆ ನಡಾವಳಿಯ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆದರೆ, ಕೇಳಿದ್ದೇನು, ಕೊಟ್ಟದ್ದೇನು ಎಂಬುದರ ಹೋಲಿಕೆಗೆ ದಾಖಲೆ ಸಿಗುತ್ತದೆ. ಮುಂದೆ ಮತ ಕೇಳಲು ಬರುವ ಅಭ್ಯರ್ಥಿಗೂ ತೋರಿಸಬಹುದಾದ ದಾಖಲೆ ಅದು: ವಾರ್ಡ್ ಸಮಿತಿಯನ್ನು ಎಷ್ಟು ದಿನಗಳಲ್ಲಿ ರಚಿಸುತ್ತೀರಿ, ಈ ಪ್ರಶ್ನೆಯನ್ನು ಯಾವ ಸಭೆಯಲ್ಲಿ ಎತ್ತುತ್ತೀರಿ ಎಂದು ಅದನ್ನು ಮುಂದಿಟ್ಟೇ ಕೇಳಬಹುದು.